ಹತ್ತಿ ಕಟ್ಟಿಗೆ ಕರಗಿಸುವ ಕಸುಬು

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ವನದುರ್ಗ ಅಂದರೆ ಹೊರಗಿನವರಿಗೆ ಸುರಪುರ ನಾಯಕರ ಕೋಟೆ ನೆನಪಾಗುತ್ತದೆ. ಅಲ್ಲಿ ಬೇಸಾಯ ಮಾಡುವವರಿಗೆ ಎರೆ ಹೊಲ ನೆನಪಾಗುತ್ತದೆ. ನಾರಾಯಣಪುರದಲ್ಲಿ ಕೃಷ್ಣೆಗೆ ಬಸವಸಾಗರ ಕಟ್ಟಿ, ಎಡದಂಡೆ ಕಾಲುವೆ ಹರಿಸಿದ ಮೇಲೆ ಶಹಾಪುರ, ಸುರಪುರದ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ ಹೆಚ್ಚಿದವು. ನೀರು ಹತ್ತದ ಹೊಲಗಳಲ್ಲಿ ತೊಗರಿ, ಜೋಳ ಉಳಿದವು. ಬೆಳೆ ಯಾವುದೇ ಇರಲಿ, ರಾಶಿ ಮನೆಗೆ ಬಂದ ಮೇಲೆ ಹೊಲದಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಜೋಳದ ಕಣಕಿಯನ್ನು ದನ ತಿನ್ನುತ್ತವೆ, ತೊಗರಿ ಹೊಟ್ಟಿಗೂ ಗಿರಾಕಿ ಇದ್ದಾರೆ. ಆದರೆ ಹತ್ತಿ ಕಟ್ಟಿಗೆ? ದಸರೆಯ ಆಚೀಚೆ ಶುರುವಾದ ಹತ್ತಿ ಬಿಡಿಸುವ ಕೆಲಸ ಸಂಕ್ರಾಂತಿ ದಾಟಿ ಮುಗಿಯುವ ಹೊತ್ತಿಗೆ ಅದು ಎದೆಮಟ್ಟ ನಿಂತು, ಒಣಗಿ, ಕಂದು ಬಣ್ಣಕ್ಕೆ ತಿರುಗಿರುತ್ತದೆ. ದನ ಮೂಸಿಯೂ ನೋಡುವುದಿಲ್ಲ. ಹಿಂದೆ ಒಲೆಗೆ ಬರುತ್ತಿತ್ತು, ಗ್ಯಾಸ್ ಬಂದ ಮೇಲೆ ಅದೂ ಕಡಿಮೆಯಾಯಿತು. ಕಿತ್ತು, ಬದುವಿಗೆ ಒಟ್ಟಿ, ಬೇಸಿಗೆಯಲ್ಲಿ ಒಂದು ಕಡ್ಡಿ ಗೀರಿದರೆ ಹೊಲ ಸಾಫ್.

ಆ ಕಟ್ಟಿಗೆಯನ್ನು ಬೆಂಕಿಯಿಲ್ಲದೆ ಬಿಚ್ಚಿ, ಎಳೆ ಎಳೆಯಾಗಿ ಕರಗಿಸಿ, ಮಣ್ಣಿನ ಪಾಲು ಮಣ್ಣಿಗೆ ಒಪ್ಪಿಸಬಲ್ಲ ಕಸುಬುದಾರರು ಅದೇ ಹೊಲದಲ್ಲಿ ಇದ್ದಾರೆ. ಅವರನ್ನು ಎಲ್ಲಿಂದಲೂ ಕರೆಸಬೇಕಾಗಿಲ್ಲ. ಒಂದು ಚಿಟಿಕೆ ಮಣ್ಣಿನಲ್ಲಿ, ಒಂದು ಬುಟ್ಟಿ ಹೆಂಡಿಯಲ್ಲಿ ಕೋಟಿಗಟ್ಟಲೆ ಇದ್ದಾರೆ. ಬ್ಯಾಕ್ಟೀರಿಯಾ ಎಂದೊಡನೆ ರೋಗವೇ ನೆನಪಾಗುವ ಕಾಲದಲ್ಲಿ ಈ ಬ್ಯಾಕ್ಟೀರಿಯಾಗಳ ಕೈಚಳಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅವುಗಳ ಮುಂದಿರುವ ಕೆಲಸ ಎಷ್ಟು ಕಷ್ಟದ್ದು ಎಂದು ತಿಳಿಯಬೇಕು. ಗಿಡದ ಮೈಯ ಮುಖ್ಯ ಸಾಮಗ್ರಿ ಸೆಲ್ಯುಲೋಸ್. ನಾವು ಬಿಡಿಸಿ ಮಾರುವ ಅರಳೆಯಲ್ಲಿ ಶೇಕಡ 90ಕ್ಕಿಂತ ಹೆಚ್ಚು ಇರುವುದು ಅದೇ. ಸೆಲ್ಯುಲೋಸ್ ಅಂದರೆ ಗ್ಲುಕೋಸ್ ಸಕ್ಕರೆಯ ಸರಪಳಿ. ಜೋಳದ ಹಿಟ್ಟಿನ ಪಿಷ್ಟವೂ ಗ್ಲುಕೋಸಿನ ಸರಪಳಿಯೇ. ರೊಟ್ಟಿ ಬಾಯಲ್ಲಿ ಇಟ್ಟ ಕೂಡಲೇ ಜೊಲ್ಲಿನ ಕಿಣ್ವ ಪಿಷ್ಟವನ್ನು ಒಡೆಯಲು ಶುರು ಮಾಡುತ್ತದೆ. ಅದೇ ಜೋಳದ ಕಣಕಿಯನ್ನು ನಾವು ದಿನವಿಡೀ ಅಗಿದರೂ ಪ್ರಯೋಜನವಿಲ್ಲ. ಎರಡರಲ್ಲೂ ಸಕ್ಕರೆ ಒಂದೇ, ಜೋಡಣೆ ಬೇರೆ. ಪಿಷ್ಟದ ಸರಪಳಿ ಸುರುಳಿ ಸುತ್ತುತ್ತದೆ, ಸಡಿಲವಾಗಿರುತ್ತದೆ, ನೀರು ಒಳಹೊಗುತ್ತದೆ. ಸೆಲ್ಯುಲೋಸಿನಲ್ಲಿ ಪ್ರತಿ ಗ್ಲುಕೋಸ್ ತನ್ನ ಹಿಂದಿನದಕ್ಕೆ ಮಗುಚಿಕೊಂಡು ಕೂರುವುದರಿಂದ ಸರಪಳಿ ನೆಟ್ಟಗೆ ಸಾಗುತ್ತದೆ. ಅರಳೆಯಲ್ಲಿ ಒಂದೊಂದು ಸರಪಳಿಗೆ ಸಾವಿರಾರು ಗ್ಲುಕೋಸ್ ಕೊಂಡಿಗಳಿರುತ್ತವೆ. ನೆಟ್ಟಗಿನ ಇಂಥ ಸರಪಳಿಗಳು ಒಂದರ ಪಕ್ಕ ಒಂದು ಒತ್ತಿಕೊಂಡು, ಎಳೆ ಸೇರಿ ಹುರಿಯಾಗಿ, ಹುರಿ ಸೇರಿ ಹಗ್ಗವಾಗುವ ಹಾಗೆ ಬಿಗಿಯುತ್ತವೆ. ಆ ಬಿಗಿಯೊಳಗೆ ನೀರಿನ ಹನಿಗೂ ಜಾಗವಿಲ್ಲ.

ಎಷ್ಟು ಗಟ್ಟಿ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಅಮೆರಿಕದ ರಿಚರ್ಡ್ ವುಲ್ಫೆಂಡನ್ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಸೆಲ್ಯುಲೋಸಿನ ಕೊಂಡಿಗಳನ್ನು ಸಾಧಾರಣ ಉಷ್ಣತೆಯ ನೀರಿನಲ್ಲಿ ಯಾವ ಕಿಣ್ವದ ಸಹಾಯವೂ ಇಲ್ಲದೆ ಬಿಟ್ಟರೆ, ಅರ್ಧದಷ್ಟು ತಾವಾಗಿ ಕಳಚಿಕೊಳ್ಳಲು ಸುಮಾರು 50 ಲಕ್ಷ ವರ್ಷ ಬೇಕು. ಒಳ್ಳೆಯ ತಿಪ್ಪೆಯಲ್ಲಿ ಬ್ಯಾಕ್ಟೀರಿಯಾಗಳು ಈ ಕೆಲಸವನ್ನು ಒಂದು ಬೇಸಿಗೆಯಲ್ಲಿ ಮುಗಿಸುತ್ತವೆ.

ಕಟ್ಟಿಗೆಯಲ್ಲಿ ಸೆಲ್ಯುಲೋಸ್ ಒಂದೇ ಇರುವುದಿಲ್ಲ. ಅದರ ಸುತ್ತ ಹೆಮಿಸೆಲ್ಯುಲೋಸ್ ಎಂಬ ಇನ್ನೊಂದು ಜಾತಿಯ ಸಕ್ಕರೆ ಸರಪಳಿ ಹೆಣೆದುಕೊಂಡಿರುತ್ತದೆ. ಇವೆರಡರ ಸಂದಿಗೊಂದಿಯಲ್ಲೆಲ್ಲ ಲಿಗ್ನಿನ್ ತುಂಬಿಕೊಂಡಿರುತ್ತದೆ. ಲಿಗ್ನಿನ್ ಸಕ್ಕರೆಯಲ್ಲ. ಅದಕ್ಕೊಂದು ಕ್ರಮವಿಲ್ಲ, ಎಲ್ಲಿ ಕತ್ತರಿಸಬೇಕು ಎಂದು ಹೇಳಲು ಒಂದೇ ಬಗೆಯ ಕೊಂಡಿಯಿಲ್ಲ. ಎಳೆ ಸಸಿ ಮೆತ್ತಗಿರಲು ಲಿಗ್ನಿನ್ ಕಡಿಮೆ ಇರುವುದು ಕಾರಣ, ಬಲಿತ ಹತ್ತಿ ಗಿಡ ಕೊಡಲಿಗೂ ಸದ್ದು ಮಾಡಲು ಲಿಗ್ನಿನ್ ಹೆಚ್ಚಿರುವುದು ಕಾರಣ. ಹತ್ತಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಲಿಗ್ನಿನ್ನೇ ಇರುತ್ತದೆ.

ಈ ಗಟ್ಟಿ ಸಾಮಗ್ರಿಯ ಮುಂದೆ ಬ್ಯಾಕ್ಟೀರಿಯಾ ಎಷ್ಟು ದೊಡ್ಡದು? ಸಾವಿರ ಬ್ಯಾಕ್ಟೀರಿಯಾಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದೆರಡು ಮಿಲಿಮೀಟರ್. ಅದಕ್ಕೆ ಬಾಯಿಲ್ಲ, ಹಲ್ಲಿಲ್ಲ. ಕಟ್ಟಿಗೆಯ ಚೂರನ್ನು ನುಂಗುವ ಮಾತೇ ಇಲ್ಲ. ಹಾಗಾಗಿ ಅದು ಊಟವನ್ನು ಮೈ ಹೊರಗೆ ಅರಗಿಸಿ, ಆಮೇಲೆ ಒಳಕ್ಕೆ ಎಳೆದುಕೊಳ್ಳಬೇಕು. ಅದಕ್ಕೆ ಬೇಕಾದ ಹತ್ಯಾರವೇ ಕಿಣ್ವ. ಸೆಲ್ಯುಲೋಸ್ ಕತ್ತರಿಸಲು ಒಂದೇ ಕಿಣ್ವ ಸಾಲದು, ಕನಿಷ್ಠ ಮೂರು ಬಗೆಯವು ಕೂಡಿ ದುಡಿಯಬೇಕು. ಮೊದಲನೆಯದು ಸರಪಳಿಯ ನಡುವೆ ಎಲ್ಲಿ ಸಡಿಲ ಸಿಕ್ಕಿತೋ ಅಲ್ಲಿ ಕಚಕ್ಕನೆ ಕತ್ತರಿಸುತ್ತದೆ. ಹಾಗೆ ಕತ್ತರಿಸಿದಾಗ ಹೊಸ ತುದಿಗಳು ಹುಟ್ಟುತ್ತವೆ. ಎರಡನೆಯದು ಆ ತುದಿ ಹಿಡಿದು, ಸರಪಳಿಯ ಉದ್ದಕ್ಕೂ ಸಾಗುತ್ತ, ಎರಡೆರಡು ಗ್ಲುಕೋಸಿನ ತುಣುಕು ಮಾಡುತ್ತ ಹೋಗುತ್ತದೆ. ಮೂರನೆಯದು ಆ ಜೋಡಿಯನ್ನು ಬಿಡಿಸಿ ಒಂದೊಂದು ಗ್ಲುಕೋಸ್ ಮಾಡುತ್ತದೆ. ಒಬ್ಬರ ಕೆಲಸ ನಿಂತರೆ ಇನ್ನೊಬ್ಬರದ್ದೂ ನಿಲ್ಲುತ್ತದೆ. ಜೋಡಿ ಸಕ್ಕರೆ ಹೆಚ್ಚು ಜಮೆಯಾದರೆ ಎರಡನೆಯ ಕಿಣ್ವ ತಾನಾಗಿ ನಿಧಾನವಾಗುತ್ತದೆ.

ಈ ಕಿಣ್ವಗಳನ್ನು ಬಳಸುವುದರಲ್ಲಿ ಒಂದೊಂದು ಬ್ಯಾಕ್ಟೀರಿಯಾದ ಕಸುಬು ಒಂದೊಂದು ರೀತಿ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಸೈಟೋಫೇಗಾ ಹಚಿನ್ಸೋನಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಹಚಿನ್ಸನ್ ಮತ್ತು ಕ್ಲೇಟನ್ 1919ರಲ್ಲಿ ಹೊಲದ ಮಣ್ಣಿನಿಂದ ಇದನ್ನು ಬೇರ್ಪಡಿಸಿ ವಿವರಿಸಿದರು. ಗಾಳಿ ಆಡುವ, ಹುಳಿಯಿಲ್ಲದ ಮಣ್ಣು ಇದಕ್ಕೆ ಒಗ್ಗುತ್ತದೆ. ತೆಳ್ಳಗೆ, ಉದ್ದಕ್ಕೆ ಇರುವ ಈ ಜೀವಿಗೆ ಈಜಲು ಬಾಲವಿಲ್ಲ. ಅದು ಜಾರುತ್ತದೆ. ನಾರಿನ ಮೇಲೆ ಹತ್ತಿ, ನಾರು ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿಗೆ ತನ್ನ ಮೈ ಹೊಂದಿಸಿಕೊಂಡು, ಉದ್ದಕ್ಕೂ ಜಾರುತ್ತ ಕರಗಿಸುತ್ತ ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹತ್ತಿಯ ಒಂದು ಎಳೆಗೆ ನೂರಾರು ಬ್ಯಾಕ್ಟೀರಿಯಾ ಒಂದೇ ಸಾಲಿನಲ್ಲಿ ಅಂಟಿಕೊಂಡಿರುವುದು ಕಾಣುತ್ತದೆ. ಮುಟ್ಟದೆ ಕರಗಿಸಲು ಇದಕ್ಕೆ ಬರುವುದಿಲ್ಲ. ಕಿಣ್ವವನ್ನು ನೀರಿಗೆ ಚೆಲ್ಲಿ ದೂರ ಕುಳಿತರೆ ಕತ್ತರಿಸಿದ ಸಕ್ಕರೆ ಪಕ್ಕದವರ ಪಾಲಾಗುತ್ತದೆ. ಇದು ತನ್ನ ಹತ್ಯಾರವನ್ನು ಮೈಗೆ ಕಟ್ಟಿಕೊಂಡೇ ಇರುತ್ತದೆ, ಕತ್ತರಿಸಿದ್ದನ್ನು ಅಲ್ಲೇ ಒಳಗೆ ಎಳೆದುಕೊಳ್ಳುತ್ತದೆ.

ಗಾಳಿಯಿಲ್ಲದ ಕಡೆ ಬದುಕುವವರ ಕಸುಬು ಇನ್ನೂ ನಾಜೂಕು. ಗಾಳಿಯಿಲ್ಲದೆ ಬದುಕುವ ಜೀವಿಗೆ ಒಂದು ಗ್ಲುಕೋಸಿನಿಂದ ಸಿಗುವ ಶಕ್ತಿ ಬಹಳ ಕಡಿಮೆ, ಆದ್ದರಿಂದ ಅದು ಕಿಣ್ವವನ್ನು ಪೋಲು ಮಾಡುವಂತಿಲ್ಲ. ಕ್ಲಾಸ್ಟ್ರಿಡಿಯಂ ಥರ್ಮೋಸೆಲ್ಲಂ ಎಂಬುದು 60 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹುರುಪಾಗಿ ಬೆಳೆಯುವ ಬ್ಯಾಕ್ಟೀರಿಯಾ. 1926ರಿಂದ ವಿಜ್ಞಾನಿಗಳಿಗೆ ಇದರ ಪರಿಚಯವಿತ್ತು. ಆದರೆ ಅದರ ಗುಟ್ಟು ಹೊರಬಿದ್ದದ್ದು 1983ರಲ್ಲಿ, ಇಸ್ರೇಲಿನ ರಫೇಲ್ ಲಾಮೆಡ್ ಮತ್ತು ಎಡ್ವರ್ಡ್ ಬೇಯರ್ ಅವರ ಕೆಲಸದಿಂದ. ಈ ಬ್ಯಾಕ್ಟೀರಿಯಾ ತನ್ನ ಕಿಣ್ವಗಳನ್ನು ಬಿಡಿಬಿಡಿಯಾಗಿ ಕಳಿಸುವುದಿಲ್ಲ. ಉದ್ದನೆಯ ಒಂದು ಪ್ರೊಟೀನ್ ಮಾಡಿ, ಅದರ ಮೇಲೆ ಒಂಬತ್ತು ಹಿಡಿಕೆಗಳನ್ನಿಟ್ಟು, ಒಂದೊಂದು ಹಿಡಿಕೆಗೆ ಒಂದೊಂದು ಕಿಣ್ವ ಸಿಕ್ಕಿಸುತ್ತದೆ. ಅದೇ ಪ್ರೊಟೀನಿನಲ್ಲಿ ಸೆಲ್ಯುಲೋಸನ್ನು ಹಿಡಿದುಕೊಳ್ಳುವ ಭಾಗವೂ ಇದೆ, ಬ್ಯಾಕ್ಟೀರಿಯಾದ ಮೈಗೆ ಕಚ್ಚಿಕೊಳ್ಳುವ ತುದಿಯೂ ಇದೆ. ನಡುವೆ ಕತ್ತರಿಸುವವರು, ತುದಿ ಹಿಡಿಯುವವರು, ಹೆಮಿಸೆಲ್ಯುಲೋಸ್ ಬಿಡಿಸುವವರು ಎಲ್ಲರೂ ಅಕ್ಕಪಕ್ಕ ಇರುವುದರಿಂದ ಒಬ್ಬರು ಮುಗಿಸಿದ ಜಾಗದಲ್ಲೇ ಇನ್ನೊಬ್ಬರು ಶುರು ಮಾಡುತ್ತಾರೆ. ಈ ಜೋಡಣೆಗೆ ಆ ವಿಜ್ಞಾನಿಗಳು ಸೆಲ್ಯುಲೋಸೋಮ್ ಎಂದು ಹೆಸರಿಟ್ಟರು. ಕಣ್ಣಿಗೆ ಕಾಣದ ಜೀವಿಯೊಂದು ಇಷ್ಟು ಅಚ್ಚುಕಟ್ಟಾದ ಯಂತ್ರ ಕಟ್ಟಿಕೊಂಡಿದೆ ಎಂಬುದು ನನಗೆ ಇವತ್ತಿಗೂ ಬೆರಗು.

ಇಂಥ ಕಸುಬುದಾರರ ಅತಿ ದೊಡ್ಡ ಕಾರ್ಖಾನೆ ನಮ್ಮ ಹಟ್ಟಿಯಲ್ಲೇ ನಿಂತು ಮೆಲುಕು ಹಾಕುತ್ತಿರುತ್ತದೆ. ಆಕಳು, ಎಮ್ಮೆ, ಕುರಿ ಯಾವುದಕ್ಕೂ ಸೆಲ್ಯುಲೋಸ್ ಒಡೆಯುವ ಸ್ವಂತ ಕಿಣ್ವವಿಲ್ಲ. ಬೆಳೆದ ಆಕಳಿನ ಮೊದಲ ಹೊಟ್ಟೆಯಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅಲ್ಲಿ ಬೇಸಿಗೆ ಚಳಿಗಾಲ ಎನ್ನದೆ 39 ಡಿಗ್ರಿ ಕಾವು, ಗಾಳಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಜೊಲ್ಲಿನಲ್ಲಿರುವ ಸೋಡದಿಂದ ಹುಳಿ ಏರದ ರಸ. ಆ ರಸದ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿಗೂ ಮೀರಿ ಬ್ಯಾಕ್ಟೀರಿಯಾ. ಕಣಕಿಯ ಚೂರು ಇಳಿದ ಕೂಡಲೇ ಫೈಬ್ರೊಬ್ಯಾಕ್ಟರ್, ರುಮಿನೋಕಾಕಸ್ ಜಾತಿಯವು ಅದಕ್ಕೆ ಮುತ್ತಿಕೊಳ್ಳುತ್ತವೆ. ಅವುಗಳಿಗೆ ಒಳನುಗ್ಗಲು ಒಡೆದ ಅಂಚು ಬೇಕು, ಕಣಕಿಯ ನುಣುಪಾದ ಹೊರಮೈ ಅವುಗಳನ್ನು ಒಳಗೆ ಬಿಡುವುದಿಲ್ಲ. ದನ ದಿನಕ್ಕೆ ಆರೇಳು ತಾಸು ಮೆಲುಕು ಹಾಕುವುದು ಆ ಅಂಚುಗಳನ್ನು ಒದಗಿಸಲಿಕ್ಕೆ. ಅಮೆರಿಕದ ರಾಬರ್ಟ್ ಹಂಗೇಟ್ ಗಾಳಿ ಸೋಕದ ಹಾಗೆ ಈ ಜೀವಿಗಳನ್ನು ಬೆಳೆಸುವ ವಿಧಾನ ಕಂಡುಹಿಡಿದ ಮೇಲೆಯೇ ಇದೆಲ್ಲ ಸ್ಪಷ್ಟವಾಯಿತು. 1966ರಲ್ಲಿ ಬಂದ ಅವರ ಪುಸ್ತಕ ಈ ಶಾಸ್ತ್ರಕ್ಕೆ ಬುನಾದಿ. ನಮ್ಮಲ್ಲಿ ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲಿ ದನದ ಹೊಟ್ಟೆಯ ಈ ಲೋಕದ ಅಧ್ಯಯನ ನಡೆಯುತ್ತಿದೆ.

ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಬಿಡುವ ಆಮ್ಲಗಳೇ ದನಕ್ಕೆ ಆಹಾರ. ಅದರ ಶಕ್ತಿಯ ಶೇಕಡ 70ರಷ್ಟು ಬರುವುದು ಅವುಗಳಿಂದ. ಆಮೇಲೆ ಆ ಬ್ಯಾಕ್ಟೀರಿಯಾಗಳೂ ಮುಂದಿನ ಹೊಟ್ಟೆಗೆ ಸಾಗಿ ಜೀರ್ಣವಾಗುತ್ತವೆ. ದನ ಒಣ ಕಣಕಿ ತಿಂದು ಪ್ರೊಟೀನ್ ತುಂಬಿದ ಹಾಲು ಕೊಡುವುದರ ಒಳಗುಟ್ಟು ಇದು. ಕರು ಹುಟ್ಟುವಾಗ ಅದರ ಹೊಟ್ಟೆಯಲ್ಲಿ ಈ ಲೋಕ ಇನ್ನೂ ಕಟ್ಟಿಕೊಂಡಿರುವುದಿಲ್ಲ. ತಾಯಿ ನೆಕ್ಕುವಾಗ, ಗ್ವಾದಲಿಗೆ ಬಾಯಿ ಹಾಕುವಾಗ, ಹಟ್ಟಿಯ ನೆಲ ಮೂಸುವಾಗ ದಿನದಿನಕ್ಕೆ ಅಂಟಿಕೊಳ್ಳುತ್ತ ಬೆಳೆಯುತ್ತದೆ.

ಆದರೆ ಹತ್ತಿ ಕಟ್ಟಿಗೆ ಆಕಳಿನ ಹೊಟ್ಟೆಗೂ ಒಗ್ಗದು, ಅಷ್ಟು ಲಿಗ್ನಿನ್ ಅದರಲ್ಲಿದೆ. ಅದು ತಿಪ್ಪೆಗೇ ಬರಬೇಕು. ತಿಪ್ಪೆಗೆ ಬರುವ ಮೊದಲು ಇನ್ನೊಂದು ಹಳೆಯ ಕಸುಬನ್ನು ನೆನೆಯದೆ ಹೋಗಲಾರೆ. ಬ್ಯಾಕ್ಟೀರಿಯಾಗಳನ್ನು ದುಡಿಸಿಕೊಳ್ಳುವುದು ಹೇಗೆ, ಎಲ್ಲಿ ನಿಲ್ಲಿಸಬೇಕು ಎಂದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಪುಂಡಿ ನಾರು ಸಾಕ್ಷಿ. ಹೊಲದ ಅಂಚಿಗೆ, ಜೋಳದ ಸಾಲಿನ ನಡುವೆ ಪುಂಡಿ ಹಾಕುತ್ತಿದ್ದರು. ಸೊಪ್ಪು ಪಲ್ಯಕ್ಕೆ, ಕಾಂಡ ಹಗ್ಗಕ್ಕೆ. ಬಲಿತ ಪುಂಡಿಯನ್ನು ಕೊಯ್ದು, ಕಟ್ಟು ಕಟ್ಟಿ, ನಿಂತ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರುತ್ತಿದ್ದರು. ಎಂಟು ಹತ್ತು ದಿನಕ್ಕೆ ನೀರು ನಾರುತ್ತದೆ, ಗುಳ್ಳೆ ಏಳುತ್ತವೆ. ನೀರಿನಲ್ಲಿರುವ ಬ್ಯಾಕ್ಟೀರಿಯಾಗಳು ಆಗ ಕರಗಿಸುತ್ತಿರುವುದು ನಾರನ್ನು ತೊಗಟೆಗೂ ಒಳಗಿನ ಬೆಂಡಿಗೂ ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟನ್ನು. ಪೆಕ್ಟಿನ್ ಮೆತ್ತಗಿನದು, ಮೊದಲು ಸೋಲುವುದು ಅದೇ. ಸೆಲ್ಯುಲೋಸಿನ ನಾರು ಇನ್ನೂ ಗಟ್ಟಿಯಾಗಿರುತ್ತದೆ. ಒಂದು ಕಾಂಡ ಹೊರಗೆ ತೆಗೆದು, ಬುಡ ಮುರಿದು, ನಾರನ್ನು ಹೆಬ್ಬೆರಳಿನಿಂದ ಮೇಲಕ್ಕೆ ಎಳೆದಾಗ ತುದಿಯವರೆಗೆ ಸರಾಗವಾಗಿ ಬಂದರೆ ಕಟ್ಟು ಹೊರಗೆ ತೆಗೆಯುವ ಹೊತ್ತು ಬಂದಿತು. ಒಂದೆರಡು ದಿನ ಮೊದಲೇ ತೆಗೆದರೆ ಬೆಂಡಿನ ಚೂರು ನಾರಿಗೆ ಅಂಟಿಕೊಂಡೇ ಬರುತ್ತದೆ. ಮರೆತು ಹೆಚ್ಚು ದಿನ ಬಿಟ್ಟರೆ ಸೆಲ್ಯುಲೋಸಿಗೇ ಕೈ ಹಾಕುವ ಬ್ಯಾಕ್ಟೀರಿಯಾಗಳು ಬಂದು ನಾರು ಜೀವ ಕಳೆದುಕೊಳ್ಳುತ್ತದೆ, ಹಗ್ಗ ಹೊಸೆದರೆ ನಡುವೆ ಹರಿಯುತ್ತದೆ. ಕಾರಹುಣ್ಣಿಮೆಗೆ ಎತ್ತಿಗೆ ಹೊಸ ಹಗ್ಗ, ಹೊಸ ಮೂಗುದಾರ ಎಂದರೆ ಈ ಲೆಕ್ಕ ತಪ್ಪದ ಕೈಗಳ ಕೆಲಸ. ಈಗ ಪ್ಲಾಸ್ಟಿಕ್ ಹಗ್ಗ ಬಂದಿದೆ. ಪುಂಡಿ ಪಲ್ಯ ಉಳಿದಿದೆ, ಪುಂಡಿ ನಾರು ತೆಗೆಯುವ ಕೈ ಕಡಿಮೆಯಾಗಿದೆ.

ತಿಪ್ಪೆಯ ವಿಷಯಕ್ಕೆ ಬರೋಣ. ತಿಪ್ಪೆಗುಂಡಿಯಲ್ಲಿ ಕಸ ಎಸೆದು ವರ್ಷ ಬಿಟ್ಟರೆ ಹೇಗೋ ಗೊಬ್ಬರವಾಗುತ್ತದೆ ಎಂಬ ನಂಬಿಕೆ ಇದೆ. ಹೆಂಡಿ, ಬೂದಿ, ಗ್ವಾದಲಿಯ ಉಳಿಕೆ ಇದ್ದಾಗ ಅದು ನಡೆಯುತ್ತಿತ್ತು. ಹತ್ತಿ ಕಟ್ಟಿಗೆಗೆ ಅದು ನಡೆಯದು. ವರ್ಷದ ಮೇಲೆ ಅಗೆದರೂ ಕಟ್ಟಿಗೆ ಕಟ್ಟಿಗೆಯಾಗಿಯೇ ಇರುತ್ತದೆ. ಅಂಥ ಒಂದು ಅರೆಕೊಳೆತ ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಬ್ಯಾಕ್ಟೀರಿಯಾಗಳ ಕಷ್ಟ ಅರ್ಥವಾಗುತ್ತದೆ. ತೊಗಟೆ ಸುಲಿದು ನಾರಾಗಿ ಜೋತುಬಿದ್ದಿರುತ್ತದೆ, ಅಂದರೆ ಪೆಕ್ಟಿನ್ ಹೋಗಿದೆ. ಕಡ್ಡಿ ಮುರಿದರೆ ನಡುವಿನ ಬಿಳಿ ತಿರುಳು ಮಾಯವಾಗಿ ಕೊಳವೆಯಾಗಿರುತ್ತದೆ, ಅಲ್ಲಿ ಲಿಗ್ನಿನ್ ಕಡಿಮೆ ಇತ್ತು. ಇವೆರಡರ ನಡುವಿನ ಕಟ್ಟಿಗೆಯ ಬಳೆ ಮಾತ್ರ ಉಗುರಿಗೂ ಬಗ್ಗದೆ ಹಾಗೆಯೇ ಇರುತ್ತದೆ. ಕೆಲಸಗಾರರು ಎರಡೂ ಕಡೆಯಿಂದ ಬಂದು ಗೋಡೆಗೆ ತಾಗಿ ನಿಂತಿದ್ದಾರೆ. ಅವರಿಗೆ ಬೇಕಾದ್ದನ್ನು ಒದಗಿಸುವುದು ನಮ್ಮ ಪಾಲಿನ ಕಸುಬು.

ಅವರಿಗೆ ಮೊದಲು ಬೇಕಾದದ್ದು ಒಡೆದ ಅಂಚು. ದನ ಹಲ್ಲಿನಿಂದ ಮಾಡುವ ಕೆಲಸವನ್ನು ಇಲ್ಲಿ ಯಂತ್ರ ಮಾಡಬೇಕು. ಕಟ್ಟಿಗೆಯನ್ನು ಎರಡು ಬೆರಳಗಲಕ್ಕಿಂತ ಉದ್ದವಿಲ್ಲದ ಚೂರಾಗಿಸಿದರೆ, ಅದರಲ್ಲೂ ಉದ್ದುದ್ದಕ್ಕೆ ಸೀಳಿದರೆ, ಬ್ಯಾಕ್ಟೀರಿಯಾ ಹತ್ತುವ ಜಾಗ ಎಷ್ಟೋ ಪಟ್ಟು ಹೆಚ್ಚುತ್ತದೆ. ಇಡೀ ಕಟ್ಟಿಗೆಗೆ ಕೊಳೆಸುವ ಯಾವ ದ್ರಾವಣ ಸುರಿದರೂ ವ್ಯರ್ಥ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಎರಡನೆಯದು ಸಾರಜನಕ. ಬ್ಯಾಕ್ಟೀರಿಯಾದ ಮೈ ಕಟ್ಟಿಕೊಳ್ಳಲು ಪ್ರೊಟೀನ್ ಬೇಕು, ಪ್ರೊಟೀನಿಗೆ ಸಾರಜನಕ ಬೇಕು. ಕಟ್ಟಿಗೆಯಲ್ಲಿ ಇಂಗಾಲ ಬೇಕಾದಷ್ಟು, ಸಾರಜನಕ ತೀರ ಕಡಿಮೆ. ರಾಶಿ ಒಟ್ಟುವಾಗ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇದ್ದರೆ ಕೆಲಸ ಓಡುತ್ತದೆ. ಹೆಂಡಿ, ಗಂಜಲ, ಹಸಿ ಕಳೆ, ಹೊಂಗೆ ಇಲ್ಲವೆ ಗ್ಲಿರಿಸಿಡಿಯಾ ಸೊಪ್ಪು ಆ ಕೊರತೆ ತುಂಬುತ್ತವೆ. ಕೊಳೆಯದ ಗೊಬ್ಬರ ಹಾಕಿದರೆ ಬೆಳೆ ಹಳದಿ ಬೀಳುತ್ತದೆ ಎಂದು ರೈತರು ಹೇಳುವುದು ಸುಮ್ಮನೆ ಅಲ್ಲ. ಅರೆಕೊಳೆತ ಕಸ ಹೊಲಕ್ಕೆ ಬಿದ್ದಾಗ ಬ್ಯಾಕ್ಟೀರಿಯಾಗಳು ಅದನ್ನು ಮುಗಿಸಲು ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಸಸಿಗೆ ಉಪವಾಸ.

ಇಲ್ಲೊಂದು ಮಾತು. ಹೆಂಡಿಯಲ್ಲಿ ಆಕಳ ಹೊಟ್ಟೆಯ ಬ್ಯಾಕ್ಟೀರಿಯಾ ಇರುತ್ತವೆ, ಅವೇ ತಿಪ್ಪೆಯಲ್ಲೂ ಕೆಲಸ ಮಾಡುತ್ತವೆ ಎಂದು ಹಲವರು ಬರೆಯುತ್ತಾರೆ. ಫೈಬ್ರೊಬ್ಯಾಕ್ಟರ್‌ನಂಥವು ಗಾಳಿ ಸೋಕಿದರೆ ಸಾಯುವ ಜಾತಿ. ತಿಪ್ಪೆಯಲ್ಲಿ ದುಡಿಯುವವರು ಬಹುತೇಕ ಬೇರೆಯೇ ಇದ್ದಾರೆ: ಬ್ಯಾಸಿಲಸ್, ಸೆಲ್ಯುಲೋಮೋನಾಸ್, ಸ್ಟ್ರೆಪ್ಟೋಮೈಸಿಸ್, ಕಾವು ಪ್ರೀತಿಸುವ ಥರ್ಮೋಬೈಫಿಡಾ. ಇವು ಮಣ್ಣಿನಿಂದ, ಕಸದಿಂದ, ಹಳೆಯ ಗೊಬ್ಬರದಿಂದ ಬರುತ್ತವೆ. ಹೆಂಡಿಯ ದೊಡ್ಡ ಕೊಡುಗೆ ಸಾರಜನಕ ಮತ್ತು ತೇವ. ಆದ್ದರಿಂದ ಹೆಂಡಿಯ ಜೊತೆ ಒಂದೆರಡು ಬುಟ್ಟಿ ಕಳಿತ ಹಳೆಯ ಗೊಬ್ಬರ ಚೆಲ್ಲಿದರೆ ಕೆಲಸಗಾರರೂ ಬಂದಂತಾಗುತ್ತದೆ.

ಮೂರನೆಯದು ನೀರು ಮತ್ತು ಗಾಳಿ, ಎರಡೂ ಹದವಾಗಿ. ರಾಶಿಯೊಳಗಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು. ಧಾರೆ ಸುರಿದರೆ ನೀರು ಹೆಚ್ಚಾಗಿದೆ, ಗಾಳಿ ಆಡದೆ ಕೊಳೆತ ವಾಸನೆ ಬರುತ್ತದೆ. ಕೈಗೆ ತೇವವೇ ಹತ್ತದಿದ್ದರೆ ಕೆಲಸ ನಿಂತಿದೆ. ಯಾದಗಿರಿಯ ಏಪ್ರಿಲ್ ಮೇ ಬಿಸಿಲಿನಲ್ಲಿ ರಾಶಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಬೇವಿನ ನೆರಳಿನಲ್ಲಿ ಒಟ್ಟಿ, ಮೇಲೆ ಹುಲ್ಲೋ ಗೋಣಿಯೋ ಹೊದಿಸಿದರೆ ನೀರು ಉಳಿಯುತ್ತದೆ.

ಇಷ್ಟು ಒದಗಿಸಿದರೆ ರಾಶಿ ತಾನಾಗಿ ಕಾವೇರುತ್ತದೆ. ಎರಡು ಮೂರು ದಿನಕ್ಕೆ ಒಳಗೆ ಇಟ್ಟ ಕೈ ಬೆಚ್ಚಗಾಗುತ್ತದೆ, ವಾರದೊಳಗೆ ಒಳಗಿನ ಕಾವು 60 ಡಿಗ್ರಿ ದಾಟುತ್ತದೆ. ಕಬ್ಬಿಣದ ಸಲಾಕೆಯನ್ನು ರಾಶಿಯ ಎದೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಹೊರಗೆಳೆದರೆ ಮುಷ್ಟಿಯಲ್ಲಿ ಹಿಡಿಯಲಾಗುವುದಿಲ್ಲ. ಆ ಕಾವು ಎಲ್ಲಿಂದ ಬಂತು? ಕೋಟಿ ಕೋಟಿ ಬ್ಯಾಕ್ಟೀರಿಯಾ ಉಸಿರಾಡಿದ್ದರಿಂದ. ಬೆಂಕಿ ಹಚ್ಚಿದಾಗ ಒಂದು ಗಳಿಗೆಯಲ್ಲಿ ಹೊರಬೀಳುವ ಶಕ್ತಿಯೇ ಇಲ್ಲಿ ವಾರಗಟ್ಟಲೆ ಹದವಾಗಿ ಹೊರಬರುತ್ತಿದೆ. ಈ ಕಾವಿನಲ್ಲಿ ಕಳೆಯ ಬೀಜ ಸಾಯುತ್ತದೆ, ಕಟ್ಟಿಗೆಯ ಕಾಯಿಗಳಲ್ಲಿ ಅಡಗಿದ ಹುಳುವೂ ಉಳಿಯುವುದಿಲ್ಲ. ರಾಶಿಯ ಅಂಚು ತಣ್ಣಗಿರುವುದರಿಂದ ತಿರುವಿ ಹಾಕಿ ಅಂಚನ್ನು ನಡುವಿಗೆ ತರಬೇಕು, ಗಾಳಿಯೂ ಸಿಗುತ್ತದೆ. ಕಾವು 70 ದಾಟಿದರೆ ಕೆಲಸಗಾರರೇ ಬೆಂದು ಹೋಗುತ್ತಾರೆ, ಆಗಲೂ ತಿರುವಿಯೇ ತಣಿಸಬೇಕು.

ಲಿಗ್ನಿನ್ ಇನ್ನೂ ಉಳಿದಿದೆ. ಅದನ್ನು ಒಡೆಯುವುದರಲ್ಲಿ ಹಿರಿಯರು ಬ್ಯಾಕ್ಟೀರಿಯಾಗಳಲ್ಲ, ಬಿಳಿಕೊಳೆ ತರುವ ಶಿಲೀಂಧ್ರಗಳು. ಕೆಲವು ಬ್ಯಾಕ್ಟೀರಿಯಾಗಳಿಗೂ ಆ ವಿದ್ಯೆ ಅಷ್ಟಿಷ್ಟು ಬರುತ್ತದೆ, ಆದರೆ ನಿಧಾನ. ರಾಶಿ ಕಾವೇರಿದಾಗ ಶಿಲೀಂಧ್ರಗಳು ಬದುಕುವುದಿಲ್ಲ. ತಣಿಯುತ್ತ ಬಂದಂತೆ ಅಂಚಿನಿಂದ ಮತ್ತೆ ಒಳಗೆ ಬರುತ್ತವೆ. ಆ ಹೊತ್ತಿನಲ್ಲಿ ರಾಶಿಯನ್ನು ಸಲಿಕೆಯಿಂದ ಸೀಳಿದರೆ ಚೂರುಗಳ ಮೇಲೆ ಸುಣ್ಣ ಚಿಮುಕಿಸಿದಂಥ ಬೂದುಬಿಳಿ ಪುಡಿ ಕಾಣುತ್ತದೆ. ಅನೇಕರು ಬೂಷ್ಟು ಬಂತು, ಕೆಟ್ಟಿತು ಎಂದು ಹೆದರುತ್ತಾರೆ. ಅದು ಸ್ಟ್ರೆಪ್ಟೋಮೈಸಿಸ್ ಮತ್ತು ಅದರ ಬಳಗ. ಎಳೆ ಎಳೆಯಾಗಿ ಬೆಳೆಯುವ ಈ ಬ್ಯಾಕ್ಟೀರಿಯಾಗಳು ಉಳಿದವರು ಬಿಟ್ಟುಹೋದ ಗಟ್ಟಿ ಭಾಗಕ್ಕೆ ಕೈ ಹಾಕುತ್ತವೆ. ಮೊದಲ ಮಳೆಗೆ ಎರೆ ಹೊಲದಿಂದ ಏಳುವ ಘಮಲು ಇವು ತಯಾರಿಸುವ ಜಿಯೋಸ್ಮಿನ್‌ನದು. ರಾಶಿಯಿಂದ ಆ ಘಮಲು ಬಂದರೆ ಗೊಬ್ಬರ ಹದಕ್ಕೆ ಬರುತ್ತಿದೆ ಎಂದರ್ಥ.

ರಾಶಿ ಒಟ್ಟಿ ಗೊಬ್ಬರ ಮಾಡುವ ಈ ವಿದ್ಯೆಗೆ ಶಾಸ್ತ್ರದ ರೂಪ ಕೊಡುವುದರಲ್ಲಿ ಕರ್ನಾಟಕದ ಪಾಲು ದೊಡ್ಡದು, ಅದನ್ನು ನಾವು ಮರೆತೇಬಿಟ್ಟಿದ್ದೇವೆ. ಮ್ಯಾಂಚೆಸ್ಟರಿನಲ್ಲಿ 1914ರಲ್ಲಿ ಚರಂಡಿ ನೀರನ್ನು ಬ್ಯಾಕ್ಟೀರಿಯಾಗಳಿಂದ ಶುದ್ಧ ಮಾಡುವ ವಿಧಾನ ರೂಪುಗೊಂಡಾಗ ಅದರ ಹಿಂದಿದ್ದವರಲ್ಲಿ ಗಿಲ್ಬರ್ಟ್ ಫೌಲರ್ ಒಬ್ಬರು. ಎರಡು ವರ್ಷದ ನಂತರ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಕಸವನ್ನು ಗೊಬ್ಬರ ಮಾಡುವ ಬಗ್ಗೆ ಇಲ್ಲಿ ಅವರ ಬಳಗ ಪ್ರಯೋಗ ನಡೆಸಿತು. ಆಮೇಲೆ ಆಲ್ಬರ್ಟ್ ಹಾವರ್ಡ್ ಇಂದೋರಿನಲ್ಲಿ ರಾಶಿಯನ್ನು ತಿರುವಿ ತಿರುವಿ ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮ ರೂಪಿಸಿ 1931ರಲ್ಲಿ ಪ್ರಕಟಿಸಿದರು. 1939ರಲ್ಲಿ ಸಿ. ಎನ್. ಆಚಾರ್ಯ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಇನ್ನೊಂದು ದಾರಿ ತೋರಿಸಿದರು. ಕಸ, ಹೆಂಡಿ, ಊರಿನ ಮಲ ಇವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೊದಲು ಒಂದು ವಾರ ಹತ್ತು ದಿನ ಗಾಳಿಗೆ ಬಿಟ್ಟು ಕಾವೇರಿಸಿ, ಆಮೇಲೆ ಮೇಲೆ ಕೆಸರು ಮೆತ್ತಿ ಮುಚ್ಚುವುದು. ತಿರುವುವ ಕೆಲಸವಿಲ್ಲ, ನೀರು ಆರುವುದಿಲ್ಲ, ಸಾರಜನಕವೂ ಹೆಚ್ಚು ಉಳಿಯುತ್ತದೆ. ಆರರಿಂದ ಎಂಟು ತಿಂಗಳಿಗೆ ಗೊಬ್ಬರ ಸಿದ್ಧ. ಕೃಷಿ ಪುಸ್ತಕಗಳಲ್ಲಿ ಇವತ್ತಿಗೂ ಇದರ ಹೆಸರು ಬೆಂಗಳೂರು ವಿಧಾನ.

ವನದುರ್ಗದಂಥ ಊರಿಗೆ ಯಾವುದು ಒಗ್ಗುತ್ತದೆ? ನೀರು, ಆಳು ಎರಡೂ ದುಬಾರಿಯಾದ ಕಡೆ ಆಚಾರ್ಯರ ದಾರಿಯೇ ಒಳ್ಳೆಯದು ಎಂದು ನನಗನ್ನಿಸುತ್ತದೆ. ಆದರೆ ಹತ್ತಿ ಕಟ್ಟಿಗೆಗೆ ಮೊದಲ ಹಂತದಲ್ಲಿ ಕಾವು ಚೆನ್ನಾಗಿ ಏರಲೇಬೇಕು. ಚೂರು ಮಾಡಿ, ಹೆಂಡಿ ಕಲಸಿ, ನೆಲದ ಮೇಲೆ ಎದೆಯುದ್ದ ರಾಶಿ ಒಟ್ಟಿ, ಒಂದೆರಡು ಸಲ ತಿರುವಿ, ಕಾವು ಇಳಿದ ಮೇಲೆ ಕೆಸರು ಮೆತ್ತಿ ಬಿಟ್ಟರೆ ಎರಡೂ ದಾರಿಯ ಲಾಭ ಸಿಗುತ್ತದೆ. ಮುಂಬೈನ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯೂ ಹತ್ತಿ ಕಟ್ಟಿಗೆಯ ಚೂರಿಗೆ ಸೂಕ್ಷ್ಮಜೀವಿಗಳ ಮಿಶ್ರಣ ಸೇರಿಸಿ ಬೇಗ ಗೊಬ್ಬರ ಮಾಡುವ ವಿಧಾನ ರೂಪಿಸಿದೆ.

ಸುಡುವವರ ಪರವಾಗಿಯೂ ಒಂದು ಕಾರಣ ಇದೆ, ಅದನ್ನು ಮರೆಮಾಚಬಾರದು. ಗುಲಾಬಿ ಕಾಯಿಕೊರಕದ ಹುಳು ಉಳಿದ ಕಾಯಿಗಳಲ್ಲಿ ನಿದ್ದೆ ಹೋಗಿ ಮುಂದಿನ ಮುಂಗಾರಿಗೆ ಏಳುತ್ತದೆ. ಕಟ್ಟಿಗೆಯನ್ನು ಬದುವಿನಲ್ಲಿ ತಿಂಗಳುಗಟ್ಟಲೆ ಒಟ್ಟಿಟ್ಟರೆ ಹುಳುವಿಗೆ ಮನೆ ಕಟ್ಟಿಕೊಟ್ಟಂತೆ. ಆದರೆ ಸುಟ್ಟಾಗ ಕಟ್ಟಿಗೆಯ ಸಾರಜನಕ ಬಹುಪಾಲು ಹೊಗೆಯಾಗಿ ಹೋಗುತ್ತದೆ, ಇಂಗಾಲವೂ ಹೋಗುತ್ತದೆ. ಸಾವಯವ ಇಂಗಾಲ ಮೊದಲೇ ಕಡಿಮೆ ಇರುವ ಎರೆ ಭೂಮಿಗೆ ಉಳಿಯುವುದು ಒಂದಿಷ್ಟು ಬೂದಿ ಮಾತ್ರ. ಹುಳುವನ್ನು ಕೊಲ್ಲುವ ಕಾವು ರಾಶಿಯಲ್ಲೂ ಇದೆ, ಆ ಕಾವಿನಲ್ಲಿ ಗೊಬ್ಬರ ಸುಟ್ಟು ಹೋಗುವುದಿಲ್ಲ.

ನಿಮ್ಮ ಹೊಲದಲ್ಲಿ ಈ ಕಸುಬುದಾರರು ಎಷ್ಟು ಚುರುಕಾಗಿದ್ದಾರೆ ಎಂದು ತಿಳಿಯಲು ಪ್ರಯೋಗಾಲಯ ಬೇಡ. ಹಳೆಯ ಹತ್ತಿ ಧೋತರದ ಎರಡು ತುಂಡು ತೆಗೆದುಕೊಳ್ಳಿ. ಟೆರಿಕಾಟ್ ಬೇಡ, ಅದರಲ್ಲಿರುವ ಪಾಲಿಯೆಸ್ಟರ್ ಎಳೆಯನ್ನು ಅವು ಮುಟ್ಟುವುದಿಲ್ಲ. ಒಂದನ್ನು ಗೊಬ್ಬರ ಬೀಳುವ ಹೊಲದಲ್ಲಿ, ಇನ್ನೊಂದನ್ನು ವರ್ಷ ವರ್ಷ ಕಟ್ಟಿಗೆ ಸುಡುವ ಹೊಲದಲ್ಲಿ, ಗೇಣುದ್ದ ಆಳಕ್ಕೆ, ಮಣ್ಣಿನಲ್ಲಿ ತೇವ ಇರುವಾಗ ಹೂಳಿ ಗುರುತು ಮಾಡಿ. ಎರಡು ತಿಂಗಳಿಗೆ ಅಗೆದು ನೋಡಿ. ಜೀವ ಇರುವ ಮಣ್ಣಿನಲ್ಲಿ ಬಟ್ಟೆ ಜಾಳಾಗಿ, ತೂತು ಬಿದ್ದು, ಅಂಚಿನ ಹೊಲಿಗೆ ಮಾತ್ರ ಉಳಿದಿರುತ್ತದೆ.

ಈ ಸಲ ಕೊನೆಯ ಹತ್ತಿ ಬಿಡಿಸಿದ ಮೇಲೆ ಕಡ್ಡಿ ಗೀರಬೇಡಿ. ಕಟ್ಟಿಗೆ ಚೂರು ಮಾಡುವ ಯಂತ್ರ ಬಾಡಿಗೆಗೆ ಸಿಗುತ್ತದೆಯೇ ಎಂದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಕೃಷಿ ಯಂತ್ರಧಾರೆಯಲ್ಲಿ ವಿಚಾರಿಸಿ. ಶಹಾಪುರದವರಿಗೆ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯ ಹತ್ತಿರ, ಸುರಪುರದವರಿಗೆ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಹೋಗಿ ಕೇಳಿ. ಇಡೀ ಹೊಲದ್ದು ಆಗದಿದ್ದರೆ ಒಂದು ಎಕರೆಯ ಕಟ್ಟಿಗೆಯಿಂದ ಶುರು ಮಾಡಿ. ಫೆಬ್ರುವರಿಯಲ್ಲಿ ರಾಶಿ ಒಟ್ಟಿ, ನೀರು ಆರದಂತೆ ನೋಡಿಕೊಂಡರೆ, ಮುಂಗಾರಿನ ಬಿತ್ತನೆಗೆ ಆ ಎಕರೆಯ ಗೊಬ್ಬರ ಆ ಎಕರೆಗೇ ಸಿಗುತ್ತದೆ.